ಸಪ್ರಮಂಚ: ಅಂದಕ್ಕೋ, ಆರೋಗ್ಯಕ್ಕೋ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ನಮ್ಮ ಹಿರಿಯರ ಮಾತು. ಸಾಲದ ಅರ್ಜಿ ಹಿಡಿದು ಬಂದವರಿಗೆ ಬ್ಯಾಂಕಿನವರಾದ ನಾವು ಈ ಗಾದೆಯನ್ನು ಆಗಾಗ ನೆನಪಿಸುವುದುಂಟು. ಆದರೆ ಮುಂಬಯಿ ಮಹಾನಗರದಲ್ಲಿ ಬಾಳುವವರು ಇದನ್ನು ತುಸು ತಿದ್ದಿಕೊಳ್ಳಬೇಕಾಗಿದೆ. ಕೋಣೆ ಇದ್ದಷ್ಟು ಮಂಚ ಚಾಚು ಎಂಬುದೇ ಇಲ್ಲಿ ಸರಿಯಾದ ಮಾತು.

ಊರು ಬಿಟ್ಟು ಈ ನಗರಕ್ಕೆ ಬಂದ ನಮ್ಮ ಹಿಂದಿನ ತಲೆಮಾರಿನವರಿಗೆ ಮಂಚದ ಪ್ರಶ್ನೆಯೇ ಇರಲಿಲ್ಲ. ಹೋಟೆಲಿನ ಕೆಲಸ ಮುಗಿದ ಮೇಲೆ ಮೇಜುಗಳನ್ನು ಬದಿಗೆ ಸರಿಸಿ ಚಾಪೆ ಬಿಡಿಸಿದವರು, ರಾತ್ರಿಶಾಲೆಯಿಂದ ಬಂದು ಚಾಳಿನ ಮೊಗಸಾಲೆಯಲ್ಲಿ ಮಲಗಿದವರು, ಹತ್ತಡಿ ಚದರದ ಕೋಣೆಯಲ್ಲಿ ಏಳೆಂಟು ಮಂದಿ ಒತ್ತಾಗಿ ರಾತ್ರಿ ಕಳೆದವರು ಅವರು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಅವರಿಗೆ ಚಿಂತೆಯೂ ಇತ್ತು, ಸಂತೆಯೂ ಇತ್ತು, ಆದರೂ ದುಡಿದ ದೇಹಕ್ಕೆ ನಿದ್ದೆ ಬರುತ್ತಿತ್ತು. ಅವರ ಮಕ್ಕಳೂ ಮೊಮ್ಮಕ್ಕಳೂ ಇಂದು ಥಾಣೆ, ಡೊಂಬಿವಲಿ, ಬೊರಿವಲಿ, ನವಿಮುಂಬಯಿಗಳಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಾರೆ. ಗೃಹಪ್ರವೇಶದ ಹೊತ್ತಿಗೋ ಮದುವೆಯ ಹೊತ್ತಿಗೋ ನಾಲ್ಕು ಕಂಬಗಳ, ಮೇಲ್ಕಟ್ಟಿನ, ಪರದೆ ಇಳಿಬಿಟ್ಟ ಮಂಚವೊಂದು ಇರಲಿ ಎಂಬ ಆಸೆ ಅವರಲ್ಲಿ ಮೂಡುವುದು ಸಹಜ. ಇಂಗ್ಲಿಷಿನಲ್ಲಿ ಇದಕ್ಕೆ ಕ್ಯಾನೊಪಿ ಬೆಡ್ ಎಂದು ಹೆಸರು. ನಮ್ಮವರು ಇದನ್ನು ಚಪ್ಪರಮಂಚ, ಸಪ್ರಮಂಚ ಎಂದು ಕರೆದಿದ್ದಾರೆ.

ಈ ಆಸೆಯನ್ನು ದುಂದುವೆಚ್ಚವೆಂದು ತಳ್ಳಿಹಾಕುವುದು ಈ ಲೇಖನದ ಉದ್ದೇಶವಲ್ಲ. ಮುಂಬಯಿಯಂಥ ಊರಿನಲ್ಲಿ ಸಪ್ರಮಂಚಕ್ಕೆ ನಿಜವಾದ ಉಪಯೋಗವೊಂದಿದೆ. ಆ ಉಪಯೋಗವನ್ನು ಮರೆತು ಕೊಂಡರೆ ಅದು ಧೂಳಿನ ಗೂಡಾಗುತ್ತದೆ. ನೆನಪಿಟ್ಟು ಕೊಂಡರೆ ಮನೆಮಂದಿಯ ಆರೋಗ್ಯಕ್ಕೆ ರಕ್ಷೆಯಾಗುತ್ತದೆ.

ಹೆಸರೇ ಹೇಳುವ ಕಥೆ

ಕ್ಯಾನೊಪಿ ಎಂಬ ಶಬ್ದದ ಮೂಲವನ್ನು ಹುಡುಕುತ್ತ ಹೋದರೆ ಸ್ವಾರಸ್ಯವಾದ ಸಂಗತಿಯೊಂದು ಎದುರಾಗುತ್ತದೆ. ಗ್ರೀಕ್ ಭಾಷೆಯಲ್ಲಿ ಕೋನೋಪ್ಸ್ ಎಂದರೆ ಸೊಳ್ಳೆ. ಸೊಳ್ಳೆಯನ್ನು ತಡೆಯಲು ಪರದೆ ಕಟ್ಟಿದ ಮಂಚಕ್ಕೆ ಗ್ರೀಕರು ಕೋನೋಪಿಯೋನ್ ಎಂದರು. ಆ ಶಬ್ದವೇ ಲ್ಯಾಟಿನ್ ಭಾಷೆಯ ಮೂಲಕ ಇಂಗ್ಲಿಷಿಗೆ ಬಂದು ಕ್ಯಾನೊಪಿಯಾಯಿತು. ಅಂದರೆ ಈ ಮಂಚದ ಹೆಸರಿನಲ್ಲಿಯೇ ಸೊಳ್ಳೆ ಅಡಗಿ ಕುಳಿತಿದೆ!

ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಈಜಿಪ್ಟಿನ ಜೌಗುಪ್ರದೇಶದ ಜನರ ಪದ್ಧತಿಯೊಂದನ್ನು ದಾಖಲಿಸಿದ್ದಾನೆ. ಅಲ್ಲಿಯ ಜನ ಹಗಲಿನಲ್ಲಿ ಮೀನು ಹಿಡಿದ ಬಲೆಯನ್ನೇ ರಾತ್ರಿ ಹಾಸಿಗೆಯ ಸುತ್ತ ಕಟ್ಟಿಕೊಂಡು ಅದರೊಳಗೆ ನುಸುಳಿ ಮಲಗುತ್ತಿದ್ದರಂತೆ. ಹೊದಿಕೆಯ ಮೇಲಿನಿಂದಲೂ ಕಚ್ಚುವ ಸೊಳ್ಳೆಗಳು ಬಲೆಯ ಮೂಲಕ ಕಚ್ಚಲು ಯತ್ನಿಸುವುದೂ ಇಲ್ಲವೆಂದು ಅವನು ಬರೆದಿದ್ದಾನೆ. ಕಡಲತೀರದಿಂದ ಬಂದು ಈ ನಗರದಲ್ಲಿ ನೆಲೆನಿಂತ ನಮ್ಮ ಮೊಗವೀರ ಬಂಧುಗಳಿಗೆ ಈ ಸಂಗತಿ ಹಿಡಿಸದೆ ಇರದು. ನಮ್ಮ ದೇಶದಲ್ಲಿಯೂ ಈ ತಿಳಿವು ಹಳೆಯದು. ಬೌದ್ಧರ ಪಾಲಿ ವಿನಯಗ್ರಂಥಗಳಲ್ಲಿ ಭಿಕ್ಷುಗಳು ಮಕಸಕುಟಿಯನ್ನು, ಎಂದರೆ ಸೊಳ್ಳೆಗೂಡನ್ನು, ಬಳಸಬಹುದೆಂಬ ಅನುಮತಿಯಿದೆ. ಸಕಲ ಸುಖವನ್ನೂ ತೊರೆದ ಸಂನ್ಯಾಸಿಗೂ ಸೊಳ್ಳೆಪರದೆಯನ್ನು ನಿರಾಕರಿಸಲಿಲ್ಲ ಎಂಬುದು ಗಮನಾರ್ಹ.

ಯೂರೋಪಿನ ಕಥೆ ಬೇರೆ. ಅಲ್ಲಿ ಮಂಚದ ಸುತ್ತ ದಪ್ಪ ಪರದೆ ಕಟ್ಟಿದ್ದು ಮುಖ್ಯವಾಗಿ ಚಳಿಗಾಲಿಯನ್ನು ತಡೆಯಲು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ವೇರ್ ಎಂಬ ಊರಿನ ಪ್ರಸಿದ್ಧ ಮಹಾಮಂಚ 1590ರ ಸುಮಾರಿನದು. ಅದರ ಅಗಲವೇ 10 ಅಡಿಗೂ ಹೆಚ್ಚು. ಇಂದು ಅಂಗಡಿಗಳ ಚಿತ್ರಪಟಗಳಲ್ಲಿ ಕಾಣುವ ಮಖಮಲ್ಲಿನ ಪರದೆ, ಜರಿಯ ಅಂಚು, ನೆರಿಗೆಯ ಮೇಲ್ಕಟ್ಟು ಇವೆಲ್ಲ ಆ ಚಳಿದೇಶದ ಮಾದರಿಗಳು. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಅವನ್ನು ಕಟ್ಟಿಕೊಂಡು ಮಲಗುವುದು ಉಣ್ಣೆಯ ಕೋಟು ತೊಟ್ಟು ಲೋಕಲ್ ರೈಲು ಹತ್ತಿದಂತೆ. ನಾವು ಆರಿಸಿಕೊಳ್ಳಬೇಕಾದುದು ಈಜಿಪ್ಟಿನ ಬಲೆಯ ಮಾದರಿಯನ್ನು.

ಸೊಳ್ಳೆ ಮತ್ತು ಮುಂಬಯಿ

ಮಲೇರಿಯಾ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುತ್ತದೆ ಎಂಬುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡುಕೊಂಡರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದಕ್ಕಿಂತ ಬಹಳ ಮೊದಲೇ, 1883ರ ಸುಮಾರಿಗೆ, ಅವರು ಬೆಂಗಳೂರಿನಲ್ಲಿ ಸೈನ್ಯದ ವೈದ್ಯರಾಗಿದ್ದಾಗ ತಮ್ಮ ಕಿಟಕಿಯ ಬಳಿಯ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು, ನೀರು ಚೆಲ್ಲಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದರು. ಕನ್ನಡನಾಡಿನ ಒಂದು ನೀರಿನ ತೊಟ್ಟಿ ಕಲಿಸಿದ ಪಾಠ ಮುಂಬಯಿಗೂ ಅನ್ವಯಿಸುತ್ತದೆ. ಡಾ. ಬೆಂಟ್ಲಿಯವರು ಈ ನಗರದ ಮಲೇರಿಯಾ ಕುರಿತು 1911ರಲ್ಲಿ ಸಲ್ಲಿಸಿದ ವರದಿ ಮನೆಗಳ ಬಾವಿಗಳತ್ತ, ನೀರಿನ ತೊಟ್ಟಿಗಳತ್ತ ಬೆರಳು ತೋರಿಸಿತು. ಇಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಹೊಲಗದ್ದೆಯ ಸೊಳ್ಳೆಯಲ್ಲ. ಅದು ಪಟ್ಟಣದ ಸೊಳ್ಳೆ. ತಾರಸಿಯ ಟ್ಯಾಂಕು, ಬಾವಿ, ಕಟ್ಟಡ ಕಾಮಗಾರಿಯ ನಿಂತ ನೀರು ಇವೇ ಅದರ ತವರು.

2010ರ ಮಳೆಗಾಲವನ್ನು ಮುಂಬಯಿಗರು ಮರೆತಿರಲಾರರು. ಆ ಒಂದು ವರ್ಷದಲ್ಲಿ ನಗರದಲ್ಲಿ 70,000ಕ್ಕೂ ಮಿಕ್ಕಿ ಮಲೇರಿಯಾ ಪ್ರಕರಣಗಳು ವರದಿಯಾದವು. ನೂರಕ್ಕೂ ಹೆಚ್ಚು ಮಂದಿ ಸತ್ತರು. 1990ರ ದಶಕದಿಂದೀಚೆಗೆ ನಮ್ಮ ಮಂಗಳೂರು ಕೂಡ ಇದೇ ಬಾಧೆಯನ್ನು ಉಂಡಿದೆ. ಈ ಎರಡು ಊರುಗಳ ನಡುವೆ ಬಸ್ಸಿನಲ್ಲಿ, ರೈಲಿನಲ್ಲಿ ಓಡಾಡುವ ನಮ್ಮ ಸಂಸಾರಗಳಿಗೆ ಇದು ಪರರ ಸುದ್ದಿಯಲ್ಲ. ಅನಂತರದ ವರ್ಷಗಳಲ್ಲಿ ರೋಗ ತಗ್ಗಿದ್ದರೂ ಪ್ರತಿ ಮಳೆಗಾಲವೂ ಅದನ್ನು ಮತ್ತೆ ಕರೆತರಬಲ್ಲದು.

ಅನಾಫಿಲಿಸ್ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದೊಳಗೆ, ಎಂದರೆ ನಾವು ಮಂಚದಲ್ಲಿರುವ ವೇಳೆಯಲ್ಲಿ. ಆದುದರಿಂದ ಸಪ್ರಮಂಚವನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಇದು ಕೋಣೆಗೆ ಒಪ್ಪುತ್ತದೆಯೇ ಎಂಬುದಲ್ಲ. ಇದರ ಮೇಲೆ ಸೊಳ್ಳೆಪರದೆ ಸರಿಯಾಗಿ ಕೂಡುತ್ತದೆಯೇ ಎಂಬುದು.

ಅಳತೆಯ ಲೆಕ್ಕ

ವಾಣಿಜ್ಯ ಓದಿದವನಿಗೆ ಲೆಕ್ಕವಿಲ್ಲದೆ ಮಾತು ಮುಂದುವರಿಯದು. ಉಪನಗರದ ಸಾಮಾನ್ಯ ಮಲಗುವ ಕೋಣೆಯನ್ನು 10 ಅಡಿ ಉದ್ದ, 10 ಅಡಿ ಅಗಲವೆಂದು ಹಿಡಿಯೋಣ. ನೆಲ 100 ಚದರಡಿ. ಆರೂವರೆ ಅಡಿ ಉದ್ದ, 6 ಅಡಿ ಅಗಲದ ದೊಡ್ಡ ಮಂಚ 39 ಚದರಡಿ ನುಂಗುತ್ತದೆ. ಕಪಾಟು 12 ಚದರಡಿ. ಉಳಿಯುವುದು 49. ಬಾಗಿಲು ತೆರೆಯುವ ಜಾಗವನ್ನೂ ಕಳೆದರೆ ಓಡಾಡಲು ಓಣಿಯಷ್ಟೇ ಮಿಗುತ್ತದೆ. ಮಂಚದ ಅಗಲವನ್ನು 5 ಅಡಿಗೆ ಇಳಿಸಿದರೆ ಆರೂವರೆ ಚದರಡಿ ಉಳಿತಾಯ. ನಿಮ್ಮ ಬಡಾವಣೆಯಲ್ಲಿ ಚದರಡಿಗೆ 20,000 ರೂಪಾಯಿ ದರವಿದೆ ಎಂದುಕೊಂಡರೆ ಆ ಉಳಿತಾಯದ ಬೆಲೆ 1,30,000 ರೂಪಾಯಿ! ಮಂಚದ ಬೆಲೆಗಿಂತ ಅದು ನಿಲ್ಲುವ ನೆಲದ ಬೆಲೆ ಹೆಚ್ಚೆಂಬುದು ಈ ನಗರದ ವೈಚಿತ್ರ್ಯ. ಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಲು ಕನಿಷ್ಠ ಎರಡು ಬದಿಗಳಲ್ಲಿ ಒಂದೂವರೆ ಎರಡು ಅಡಿ ಜಾಗ ಬೇಕೆಂಬುದನ್ನೂ ಮರೆಯಬಾರದು.

ಎತ್ತರದ ಲೆಕ್ಕ ಇನ್ನೂ ಮುಖ್ಯ. ಇತ್ತೀಚಿನ ಕಟ್ಟಡಗಳಲ್ಲಿ ಚಾವಣಿ ಸುಮಾರು 9 ಅಡಿ ಎತ್ತರದಲ್ಲಿರುತ್ತದೆ. ಪಂಕ ಅದಕ್ಕಿಂತ ಒಂದಡಿ ಕೆಳಗೆ ತಿರುಗುತ್ತದೆ. ಮಂಚದ ಮೇಲ್ಚೌಕಟ್ಟು ನೆಲದಿಂದ ಆರೂವರೆ ಅಡಿಗಿಂತ ಮೇಲೇರಿದರೆ ಪಂಕಕ್ಕೂ ಪರದೆಗೂ ನಡುವೆ ಅಂತರ ಸಾಲದು. ಗಾಳಿಗೆ ಪರದೆ ಮೇಲೆದ್ದು ಪಂಕದ ಅಲಗಿಗೆ ಸಿಕ್ಕುವ ಭಯವಿದೆ. ಹಾಸಿಗೆಯ ಮೇಲೆ ನಿಂತು ಪರದೆ ಕಟ್ಟುವವರ ಕೈ ಸುಲಭವಾಗಿ ಎಂಟಡಿ ದಾಟುತ್ತದೆ. ಆದುದರಿಂದ ಪಂಕದ ಗುಂಡಿಯನ್ನು ಆರಿಸದೆ ಯಾರೂ ಮಂಚದ ಮೇಲೆ ನಿಲ್ಲಕೂಡದು. 1896ರ ಪ್ಲೇಗಿನ ಅನಂತರ, 1898ರಲ್ಲಿ ಸ್ಥಾಪಿತವಾದ ಸುಧಾರಣಾ ಟ್ರಸ್ಟಿನ ಯೋಜನೆಯಂತೆ ಎದ್ದ ದಾದರ, ಮಾಟುಂಗಾಗಳ ಹಳೆಯ ಕಟ್ಟಡಗಳಲ್ಲಿ ಚಾವಣಿ ಎತ್ತರವಾಗಿದೆ. ಅಲ್ಲಿ ವಾಸಿಸುವ ಭಾಗ್ಯವಂತರಿಗೆ ಈ ತೊಡಕಿಲ್ಲ.

ಗಾಳಿಯ ಚಿಂತೆ ಅರಸರನ್ನೂ ಬಿಟ್ಟಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಹಾವಲಪುರದ ನವಾಬರು ಪ್ಯಾರಿಸ್ಸಿನಲ್ಲಿ ಮಾಡಿಸಿದ ಬೆಳ್ಳಿಯ ಮಂಚದ ನಾಲ್ಕು ಮೂಲೆಗಳಲ್ಲಿ ಬೀಸಣಿಗೆ ಆಡಿಸುವ ಯಂತ್ರಪ್ರತಿಮೆಗಳಿದ್ದವು. ನಮಗೆ ಅಷ್ಟೆಲ್ಲ ಬೇಡ. ಪರದೆ ಗಾಳಿಯನ್ನು ಗಣನೀಯವಾಗಿ ತಡೆಯುವುದು ನಿಜವಾದ ಕಾರಣ, ಮಂಚದ ಕಾಲ್ದೆಸೆಯಲ್ಲಿ ಗೋಡೆಗೆ ಸಣ್ಣ ಪಂಕವೊಂದನ್ನು ಜೋಡಿಸಿದರೆ ಸಾಕು. ಸೆಕೆ ತಾಳಲಾರದೆ ನಡುರಾತ್ರಿಯಲ್ಲಿ ಪರದೆಯನ್ನು ಎತ್ತಿಬಿಡುವುದೇ ಅನೇಕ ಮನೆಗಳಲ್ಲಿ ಅದು ನಿಷ್ಫಲವಾಗಲು ಕಾರಣ.

ಮರವೋ ಲೋಹವೋ?

ತೇಗ, ಬೀಟೆ, ಹಲಸು ಇವು ಬಾಳಿಕೆಯ ಮರಗಳು. ಹೊಟ್ಟು ಒತ್ತಿ ಮಾಡಿದ ಅಗ್ಗದ ಹಲಗೆ ಮುಂಬಯಿಯ ನಾಲ್ಕು ತಿಂಗಳ ಮಳೆಗಾಲದ ತೇವಕ್ಕೆ ಉಬ್ಬುತ್ತದೆ. ಕಂಬದ ಭಾರ ತಡೆಯುವ ತಿರುಪು ಅದರಲ್ಲಿ ಸಡಿಲವಾಗುತ್ತದೆ. ಚೋರ್ ಬಜಾರಿನ ಹಳೆಯ ವಸ್ತುಗಳ ಅಂಗಡಿಗಳಲ್ಲಿ, ಜೋಗೇಶ್ವರಿ ಪಶ್ಚಿಮದ ಓಶಿವಾರಾ ಪೀಠೋಪಕರಣ ಪೇಟೆಯಲ್ಲಿ ಹಳೆಯ ಮರದ ಕೆಲಸಗಳನ್ನು ನೋಡಬಹುದು. ಕೊಳ್ಳುವ ಮುನ್ನ ಕಂಬವನ್ನು ಬೆರಳಿನಿಂದ ತಟ್ಟಿ ನೋಡಿರಿ. ಪುಡಿ ಉದುರಿದರೆ ಕುಟ್ಟೆಹುಳುವಿನ ಸಂಸಾರ ಒಳಗಿದೆ ಎಂದೇ ತಿಳಿಯಬೇಕು.

ಊರಿನ ಮನೆ ಪಾಲಾದಾಗ ಅಜ್ಜನ ಸಪ್ರಮಂಚವನ್ನು ಲಾರಿಯಲ್ಲಿ ಮುಂಬಯಿಗೆ ತರಿಸುವ ಉತ್ಸಾಹಿಗಳಿದ್ದಾರೆ. ಭಾವನೆಗೆ ಬೆಲೆಯಿದೆ. ಆದರೆ ಹಳೆಯ ಮಂಚಗಳ ಅಳತೆಗೆ ಇಂದಿನ ಸಿದ್ಧ ಹಾಸಿಗೆಗಳು ಹೊಂದುವುದಿಲ್ಲ. ಹೊಸ ಹಾಸಿಗೆಯನ್ನು ಅಳತೆ ಕೊಟ್ಟೇ ಮಾಡಿಸಬೇಕು. ಬಿಚ್ಚಿ ಜೋಡಿಸಲು ಬಾರದ ಮಂಚ ಲಿಫ್ಟಿನಲ್ಲಿ ಹಿಡಿಸದೆ ಕಟ್ಟಡದ ಅಂಗಳದಲ್ಲೇ ಉಳಿದ ಪ್ರಸಂಗಗಳೂ ಉಂಟು. ಬಾಡಿಗೆಯ ಮನೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವರು, ಪುನರ್ನಿರ್ಮಾಣಕ್ಕೆಂದು ಮನೆ ತೆರವು ಮಾಡಬೇಕಾದವರು ಬೋಲ್ಟು ಬಿಚ್ಚಿದರೆ ಕಳಚಿಕೊಳ್ಳುವ ಮಂಚವನ್ನೇ ಆರಿಸಬೇಕು.

ತಿಗಣೆಯ ವಿಷಯವನ್ನೂ ಹೇಳಲೇಬೇಕು. ಮಂಚಕ್ಕೆ ಸಂದುಗೊಂದುಗಳು ಹೆಚ್ಚಿದಷ್ಟೂ, ಕೆತ್ತನೆ ಆಳವಾದಷ್ಟೂ ತಿಗಣೆಗೆ ಅನುಕೂಲ. ನಯವಾದ ಕೊಳವೆಗಳ ಉಕ್ಕಿನ ಮಂಚದಲ್ಲಿ ಅದಕ್ಕೆ ಅಡಗುದಾಣ ಕಡಿಮೆ, ಒರೆಸುವುದೂ ಸುಲಭ. ಕೆತ್ತನೆಯ ಮೋಹವಿದ್ದರೆ ಅದು ತಲೆದೆಸೆಯ ಹಲಗೆಯೊಂದಕ್ಕೆ ಸೀಮಿತವಾಗಿರಲಿ.

ಹಣದ ಮಾತು. ಮನೆ ಸ್ಥಿರಾಸ್ತಿ; ಅದಕ್ಕಾಗಿ ಸಾಲ ಮಾಡುವುದರಲ್ಲಿ ಅರ್ಥವಿದೆ. ಪೀಠೋಪಕರಣವಾದರೋ ಅಂಗಡಿಯ ಮೆಟ್ಟಿಲು ಇಳಿದ ದಿನವೇ ಸವಕಳಿ ಲೆಕ್ಕಕ್ಕೆ ಸೇರುತ್ತದೆ. ಕಂತಿನ ಮೇಲೆ ಮಂಚ ಕೊಂಡು, ಬಡ್ಡಿಯ ಚಿಂತೆಯಲ್ಲಿ ಅದರ ಮೇಲೆ ಹೊರಳಾಡುವುದು ಜಾಣತನವಲ್ಲ. ಕೈಯಲ್ಲಿ ಹಣವಿಲ್ಲದವರು ಈಗಿರುವ ಮಂಚದ ನಾಲ್ಕು ಮೂಲೆಗಳಿಗೆ ಉಕ್ಕಿನ ಸರಳುಗಳನ್ನು ಹಿಡಿಕೆಯಿಂದ ಬಿಗಿಸಿ, ಮೇಲೆ ನಾಲ್ಕು ಅಡ್ಡಸರಳು ಕೂಡಿಸಿದರೆ ಅದೂ ಸಪ್ರಮಂಚವೇ. ಸೊಳ್ಳೆ ಕಂಬದ ಬೆಲೆ ಕೇಳಿ ಒಳಗೆ ಬರುವುದಿಲ್ಲ.

ಪರದೆಯ ಆಯ್ಕೆ ಮತ್ತು ಅಲಂಕಾರ

ಪರದೆಯ ಬಟ್ಟೆಯಲ್ಲಿ ಒಂದು ಚದರ ಅಂಗುಲಕ್ಕೆ 156 ರಂಧ್ರಗಳಿರುವುದು ರೂಢಿಯಲ್ಲಿರುವ ಪ್ರಮಾಣ. ಅದಕ್ಕಿಂತ ವಿರಳವಾದರೆ ಸೊಳ್ಳೆ ನುಸುಳುತ್ತದೆ. ತೀರ ದಟ್ಟವಾದರೆ ಗಾಳಿಯಾಡದು. ಹತ್ತಿಯ ಪರದೆ ಮಳೆಗಾಲದಲ್ಲಿ ಬೇಗ ಒಣಗದೆ ಬೂಸಲು ಹಿಡಿಯುತ್ತದೆ. ಪಾಲಿಯೆಸ್ಟರ್ ಪರದೆ ಹಗುರ, ಬೇಗ ಒಣಗುತ್ತದೆ. ಕೀಟನಾಶಕವನ್ನು ನೂಲಿನಲ್ಲಿಯೇ ಸೇರಿಸಿದ ದೀರ್ಘಬಾಳಿಕೆಯ ಪರದೆಗಳು ಈಗ ದೊರೆಯುತ್ತವೆ. ಸುಮಾರು 20 ಒಗೆತಗಳವರೆಗೆ, ಮೂರು ವರ್ಷಗಳ ಕಾಲ ಗುಣ ಉಳಿಯುವಂತೆ ಅವನ್ನು ತಯಾರಿಸುತ್ತಾರೆ. ಕೀಟನಾಶಕ ಸವರಿದ ಪರದೆಗಳನ್ನು ಆಫ್ರಿಕಾದ ದೇಶಗಳಲ್ಲಿ ಪರೀಕ್ಷಿಸಿದಾಗ ಎಳೆಯ ಮಕ್ಕಳ ಸಾವು ಸುಮಾರು ಐದನೆಯ ಒಂದು ಪಾಲಿನಷ್ಟು ತಗ್ಗಿತು. ಇವನ್ನು ಒಗೆಯುವಾಗ ಸಾಧಾರಣ ಸಾಬೂನು, ತಣ್ಣೀರು, ನೆರಳಿನಲ್ಲಿ ಒಣಗಿಸುವುದು ಎಂಬ ಮೂರು ನಿಯಮಗಳನ್ನು ಪಾಲಿಸಬೇಕು.

ಅಳತೆ ಹೀಗಿರಲಿ. ಆರೂವರೆ ಅಡಿಗೆ 5 ಅಡಿಯ ಮಂಚದ ಸುತ್ತಳತೆ 23 ಅಡಿ. ಪರದೆ ಬಿಗಿಯಾಗದೆ ಇಳಿಬೀಳಲು, ಬಾಯಿ ತೆರೆಯುವಲ್ಲಿ ಒಂದರ ಮೇಲೊಂದು ಬರಲು ಇನ್ನೂ 4 ಅಡಿ ಸೇರಿಸಿರಿ. ಮೇಲ್ಚೌಕಟ್ಟಿನಿಂದ ಹಾಸಿಗೆಯ ಮಟ್ಟದವರೆಗೆ ಸುಮಾರು 5 ಅಡಿ. ಹಾಸಿಗೆಯ ಕೆಳಗೆ ಸಿಕ್ಕಿಸಲು ಮತ್ತೆ 1 ಅಡಿ. ಕಂಬಗಳು ಹಾಸಿಗೆಯ ಅಂಚಿಗೆ ತೀರ ಸಮೀಪವಿದ್ದರೆ ಮಲಗಿದವರ ಮೈ ಪರದೆಗೆ ತಾಗುತ್ತದೆ. ತಾಗಿದ ಕಡೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಪರದೆಯನ್ನು ಕತ್ತಲಾಗುವ ಮೊದಲೇ ಇಳಿಸಿ, ಒಳಗೆ ಸೊಳ್ಳೆಯಿಲ್ಲವೆಂದು ನೋಡಿಕೊಂಡು ಸಿಕ್ಕಿಸಬೇಕು.

ಇಷ್ಟಾದ ಮೇಲೆ ಅಲಂಕಾರ. ಪರದೆ ಬಿಳಿಯದೋ ತಿಳಿಬಣ್ಣದ್ದೋ ಆಗಿದ್ದರೆ ಕೋಣೆ ದೊಡ್ಡದಾಗಿ ತೋರುತ್ತದೆ; ಅದರ ಮೇಲೆ ಕುಳಿತ ಸೊಳ್ಳೆಯೂ, ಬಿದ್ದ ತೂತೂ ಕಣ್ಣಿಗೆ ಬೀಳುತ್ತವೆ. ಹಗಲಿನಲ್ಲಿ ಪರದೆಯನ್ನು ನಾಲ್ಕು ಕಂಬಗಳಿಗೆ ಪಟ್ಟಿಯಿಂದ ಕಟ್ಟಿಟ್ಟರೆ ಅದೇ ಸೊಗಸು. ಬಣ್ಣದ ಆಸೆಯುಳ್ಳವರು ಇಳಕಲ್ಲಿನ ಹಳೆಯ ಸೀರೆಯ ಸೆರಗನ್ನೋ ಅಂಚನ್ನೋ ಮೇಲ್ಚೌಕಟ್ಟಿನ ಸುತ್ತ ಒಂದು ಗೇಣಿನಷ್ಟು ಇಳಿಬಿಡಬಹುದು; ಮಂಗಳದಾಸ ಮಾರ್ಕೆಟ್ಟಿನಲ್ಲಿ ಮನಸ್ಸಿಗೆ ಬಂದ ಬಟ್ಟೆ ಸಿಕ್ಕುತ್ತದೆ. ಆದರೆ ತಲೆಯ ಮೇಲಿನ ಕಟ್ಟು ಬಟ್ಟೆ ಏನೇ ಇರಲಿ, ತಿಂಗಳಿಗೊಮ್ಮೆ ಬಿಚ್ಚಿ ಒಗೆಯುವಂತಿರಬೇಕು. ರಸ್ತೆಯ ಧೂಳು ಅಲ್ಲಿ ಶೇಖರವಾದರೆ ಉಬ್ಬಸದ ರೋಗಿಗಳಿಗೆ ಅದೇ ಕೇಡು. ಪರದೆಯ ಬಳಿ ದೀಪ, ಊದುಬತ್ತಿ, ಸೊಳ್ಳೆಬತ್ತಿ ಯಾವುದನ್ನೂ ಉರಿಸಕೂಡದು. ಮಗುವಿನ ಕೈಗೆಟುಕುವಂತೆ ಉದ್ದನೆಯ ದಾರಗಳನ್ನು ತೂಗುಬಿಡುವುದೂ ಅಪಾಯಕರ.

ಯಾರಿಗೆ ಈ ಮಂಚ?

ಈ ವಿಷಯದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು. ನಮ್ಮ ಮನೆಗಳಲ್ಲಿ ಒಳ್ಳೆಯ ಮಂಚ ಸಂಪಾದಿಸುವವನಿಗೆ ಮೀಸಲು. ಊರಿನಿಂದ ಬಂದ ಮುದಿ ತಾಯಿ ಹಜಾರದಲ್ಲಿ ಚಾಪೆಯ ಮೇಲೆ, ಮನೆಗೆಲಸದ ಹುಡುಗಿ ಅಡಿಗೆಮನೆಯಲ್ಲಿ, ಕೆಲಸ ಹುಡುಕಿ ಬಂದ ಸೋದರಳಿಯ ಬಾಲ್ಕನಿಯಲ್ಲಿ ಮಲಗುತ್ತಾರೆ. ಸೊಳ್ಳೆಪರದೆ ಮಾತ್ರ ಒಳಗಿನ ಮಂಚದ ಮೇಲೆ. ಇದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಮಲೇರಿಯಾ ರೋಗಿಯನ್ನು ಕಚ್ಚಿದ ಸೊಳ್ಳೆ ಸುಮಾರು 10ರಿಂದ 14 ದಿನಗಳಲ್ಲಿ ಇನ್ನೊಬ್ಬರಿಗೆ ರೋಗ ಹಂಚಲು ಸಿದ್ಧವಾಗುತ್ತದೆ. ಹಜಾರದಲ್ಲಿ ಜ್ವರದಿಂದ ನರಳುವವನ ರಕ್ತ ಹೀರಿದ ಸೊಳ್ಳೆ, ಎರಡು ವಾರಗಳ ಮೇಲೆ ಟಿ.ವಿ. ನೋಡುತ್ತ ಕುಳಿತ ಯಜಮಾನನನ್ನು ಬಿಟ್ಟೀತೆ? ಆದುದರಿಂದ ಪರದೆ ಎರಡು ಕೆಲಸ ಮಾಡುತ್ತದೆ: ಆರೋಗ್ಯವಂತನನ್ನು ಸೊಳ್ಳೆಯಿಂದ ಕಾಯುತ್ತದೆ, ರೋಗಿಯಿಂದ ಸೊಳ್ಳೆಯನ್ನು ದೂರವಿಡುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಪರದೆಯ ಮಂಚ ಮೊದಲು ಅವರಿಗೆ ಸಲ್ಲಬೇಕು. ಅನಂತರ ಗರ್ಭಿಣಿಗೆ; ಮಲೇರಿಯಾದಿಂದ ತಾಯಿಗೆ ತೀವ್ರ ರಕ್ತಹೀನತೆ, ಗರ್ಭಪಾತ, ಶಿಶುವಿನ ತೂಕ ಇಳಿಯುವುದು ಮುಂತಾದ ಅಪಾಯಗಳಿವೆ. ಬಳಿಕ ಎಳೆಯ ಮಕ್ಕಳಿಗೆ, ವೃದ್ಧರಿಗೆ. ಸಂಪಾದಿಸುವವನ ಸರದಿ ಕೊನೆಯದು. ಮಂಚ ಒಂದೇ ಇರಬಹುದು. ಪರದೆ ಮಾತ್ರ ಮಲಗುವ ಪ್ರತಿಯೊಬ್ಬರಿಗೂ ಇರಲಿ. ನೆಲದ ಮೇಲೆ ಮಲಗುವವರಿಗೆ ಗೋಡೆಯ ನಾಲ್ಕು ಮೊಳೆಗಳೇ ಕಂಬ. ಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿದರಾಯಿತು. ಕೆತ್ತನೆಯ ಒಂದು ಕಂಬದ ವೆಚ್ಚದಲ್ಲಿ ಮನೆಮಂದಿಗೆಲ್ಲ ಪರದೆ ಬರುತ್ತದೆ.

ಪರದೆಯೊಂದೇ ಸರ್ವರೋಗ ನಿವಾರಕವಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಹಗಲು ನಿದ್ರಿಸುವ ಕೂಸಿಗೂ ರಾತ್ರಿಪಾಳಿಯವರಿಗೂ ಆಗಲೂ ಪರದೆ ಬೇಕು. ಹೂಕುಂಡದ ತಟ್ಟೆ, ಕೂಲರಿನ ನೀರು, ತಾರಸಿಯ ಟ್ಯಾಂಕಿನ ಮುಚ್ಚಳ ಇವನ್ನು ವಾರಕ್ಕೊಮ್ಮೆ ನೋಡುವ ಹೊಣೆಯನ್ನು ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಯಾರಾದರೊಬ್ಬರು ವಹಿಸಿಕೊಳ್ಳಬೇಕು. ಜ್ವರ ಬಂದರೆ ಮಾತ್ರೆ ನುಂಗಿ ದಿನ ದೂಡದೆ ರಕ್ತ ಪರೀಕ್ಷೆ ಮಾಡಿಸಬೇಕು. ಮಹಾನಗರಪಾಲಿಕೆಯ ದವಾಖಾನೆಗಳಲ್ಲಿ ಮಲೇರಿಯಾ ಪರೀಕ್ಷೆ ಉಚಿತವಾಗಿ ನಡೆಯುತ್ತದೆ.

ಮುಂದಿನ ಮಳೆಗಾಲ ಆರಂಭವಾಗುವ ಮೊದಲು ವಾಚಕರು ಒಂದು ರಾತ್ರಿ ತಮ್ಮ ಮನೆಯಲ್ಲಿ ಮಲಗುವವರ ತಲೆ ಎಣಿಸಲಿ. ಆಮೇಲೆ ಪರದೆಗಳನ್ನು ಎಣಿಸಲಿ. ಈ ಎರಡು ಅಂಕೆಗಳು ತಾಳೆಯಾಗುವವರೆಗೆ ಮಂಚದ ಕೆತ್ತನೆಯ ವಿಚಾರ ಕಾಯಬಹುದು. ತಾಳೆಯಾದ ಮೇಲೆ ಅಂದದ ಸಪ್ರಮಂಚವನ್ನು ಧಾರಾಳವಾಗಿ ಕೊಳ್ಳಿರಿ. ಎಲ್ಲರಿಗೂ ಸುಖನಿದ್ರೆ ಲಭಿಸಲಿ.